ಬಾಯಿ ಕಟ್ಟಿದಾಗ ಬಲಿತ ಹಾಡು

ನಿನ್ನೆ ಚರ್ಚಿನಲ್ಲಿ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿದೆವು. ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೂರನೇ ಭಾನುವಾರ, ಸಂತೋಷದ ಭಾನುವಾರ. ಮೂರು ನೇರಳೆ ಬತ್ತಿಗಳ ಜೊತೆ ಅದೊಂದೇ ಗುಲಾಬಿ. ಫಾದರ್ ತೊಟ್ಟ ಪೂಜಾವಸ್ತ್ರವೂ ಗುಲಾಬಿಯೇ, ವರ್ಷದಲ್ಲಿ ಈ ಭಾನುವಾರ ಬಿಟ್ಟರೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಮಾತ್ರ ಆ ಬಣ್ಣ ಕಾಣೋದು. ಪ್ರಭುವಿನಲ್ಲಿ ಸಂತೋಷಪಡಿ ಅಂತ ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದರಲ್ಲ, ಈ ಭಾನುವಾರಕ್ಕೆ ಹೆಸರು ಬಂದಿದ್ದೇ ಆ ಮಾತಿನಿಂದ. ಅವರು ಅದನ್ನು ಬರೆದದ್ದು ಸೆರೆಯಲ್ಲಿ ಕೂತು.

ಈ ಸಲ ನನಗೆ ಆ ಮಾತು ಬೇರೆ ಥರ ತಟ್ಟಿತು. ಎಷ್ಟೋ ವರ್ಷದಿಂದ ಗಾನವೃಂದದಲ್ಲಿ ಹಾಡುವವಳು ನಾನು. ನವೆಂಬರ್ ಕೊನೆಗೆ ದನಿ ಪೂರ್ತಿ ಕೂತುಹೋಯಿತು. ಗಂಟಲಿನ ಡಾಕ್ಟರು ನೋಡಿ, ಎರಡು ವಾರ ಮಾತೇ ಬೇಡ, ಪಿಸುಗುಟ್ಟುವುದೂ ಬೇಡ ಅಂದರು. ಮನೆಯಲ್ಲಿ ಮಗಳ ಸ್ಲೇಟು ಹಿಡಿದುಕೊಂಡು ಓಡಾಡಿದೆ. ಹಾಲು ಉಕ್ಕುತ್ತಿದೆ ಅಂತ ಬರೆದು ತೋರಿಸುವಷ್ಟರಲ್ಲಿ ಹಾಲು ಉಕ್ಕಿ ಆಗಿರುತ್ತಿತ್ತು. ಕ್ರಿಸ್ಮಸ್ ಹಾಡುಗಳ ಅಭ್ಯಾಸ ಶುರುವಾಗುವ ಹೊತ್ತಿಗೇ ಹೀಗಾಯಿತಲ್ಲ ಅಂತ ಮೊದಲ ಮೂರ್ನಾಲ್ಕು ದಿನ ತುಂಬಾ ಅತ್ತೆ.

ಆಮೇಲೆ ಒಂದು ಸಂಜೆ ಬೈಬಲಿನಲ್ಲಿ ಲೂಕನ ಶುಭಸಂದೇಶದ ಮೊದಲ ಅಧ್ಯಾಯ ತೆಗೆದೆ. ಅಲ್ಲಿ ಜಕರೀಯ ಸಿಕ್ಕಿದರು. ಈ ವಯಸ್ಸಿನಲ್ಲಿ ಮಗ ಹುಟ್ಟುತ್ತಾನೆ ಅನ್ನೋ ದೇವದೂತ ಗಬ್ರಿಯೇಲನ ಮಾತು ನಂಬಲಿಲ್ಲ ಅಂತ ಮುದುಕರ ಬಾಯಿ ಕಟ್ಟಿಹೋಗಿತ್ತು. ಮಗ ಹುಟ್ಟಿ ಎಂಟನೇ ದಿನ ಹೆಸರಿಡುವಾಗ, ಇವನ ಹೆಸರು ಯೊವಾನ್ನ ಅಂತ ಹಲಗೆಯ ಮೇಲೆ ಬರೆದರು. ನನ್ನ ಮಡಿಲಲ್ಲೂ ಸ್ಲೇಟು ಇತ್ತು. ತಕ್ಷಣ ಅವರ ನಾಲಿಗೆ ಸಡಿಲವಾಯಿತು. ಅಷ್ಟು ತಿಂಗಳ ಮೇಲೆ ಮಾತು ಬಂದವರು ಏನೇನು ಹೇಳಬಹುದಿತ್ತು, ಅಲ್ವಾ? ಅವರು ಮೊದಲು ದೇವರನ್ನು ಕೊಂಡಾಡಿದರು. ಮುಪ್ಪಿನಲ್ಲಿ ಹುಟ್ಟಿದ ಮಗನ ಬಗ್ಗೆಯಾದರೂ ಮೊದಲು ಹಾಡಬೇಕಿತ್ತಲ್ಲ, ಅದೂ ಇಲ್ಲ. ಕೊಟ್ಟ ಮಾತು ಮರೆಯದ ದೇವರ ಬಗ್ಗೆ ಜಾಸ್ತಿ, ಮಗನ ವಿಷಯ ಕೊನೆಯಲ್ಲಿ ಸ್ವಲ್ಪ. ಹೆಂಡತಿ ಎಲಿಜಬೇತಳ ಹೊಟ್ಟೆಯಲ್ಲಿ ಕೂಸು ಬೆಳೆಯುತ್ತಿದ್ದ ಹಾಗೇ ಇವರೊಳಗೆ ಆ ಹಾಡೂ ಬಲಿತಿರಬೇಕು ಅನ್ನಿಸಿತು. ಇವತ್ತಿಗೂ ಧರ್ಮಸಭೆಯ ಬೆಳಗಿನ ಪ್ರಾರ್ಥನೆಯಲ್ಲಿ ದಿನಾ ಆ ಹಾಡು ಇರುತ್ತದೆ, ಸಂಜೆಗೆ ಮಾತೆ ಮರಿಯಮ್ಮನ ಹಾಡು.

ಇನ್ನೊಂದು ವಿಷಯ. ಆಗಮನ ಕಾಲದ ಭಾನುವಾರಗಳ ಪೂಜೆಯಲ್ಲಿ ಮಹಿಮೆಯ ಗೀತೆ ಹಾಡುವುದಿಲ್ಲ. ಬೆತ್ಲೆಹೇಮಿನ ಕುರುಬರಿಗೆ ದೇವದೂತರು ಹಾಡಿದ್ದಲ್ವಾ ಅದರ ಮೊದಲ ಸಾಲು, ಅದಕ್ಕೇ ಕ್ರಿಸ್ಮಸ್ ರಾತ್ರಿವರೆಗೆ ಎತ್ತಿಡುತ್ತೇವೆ. ಇಷ್ಟು ವರ್ಷ ನನಗೆ ಅದು ಹಾಡುಗಳ ಪಟ್ಟಿಯಲ್ಲಿ ಬಿಟ್ಟುಹೋಗುವ ಒಂದು ಹಾಡು, ಅಷ್ಟೇ ಆಗಿತ್ತು. ಈ ಸಲ ಇಡೀ ಚರ್ಚೇ ನನ್ನ ಜೊತೆ ಬಾಯಿ ಹಿಡಿದು ಕೂತ ಹಾಗಿತ್ತು.

ಮೊದಲ ಭಾನುವಾರ ಕೀಬೋರ್ಡ್ ಹತ್ತಿರ ಹೋಗದೆ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಒಬ್ಬರು ಅಜ್ಜಿ. ಪ್ರತಿ ಸಾಲನ್ನೂ ಗಾನವೃಂದಕ್ಕಿಂತ ಅರ್ಧ ತಾಳ ತಡವಾಗಿ ಹಾಡುತ್ತಾರೆ, ಕಣ್ಣು ಮುಚ್ಚಿ, ಮನಸಾರೆ, ಪುಸ್ತಕ ಕೂಡ ಬೇಡ ಅವರಿಗೆ. ಮೈಕಿನ ಮುಂದೆ ನಿಂತವಳಿಗೆ ಈ ದನಿ ಒಂದು ದಿನವೂ ಕೇಳಿಸಿರಲಿಲ್ಲ. ಸ್ವಾಮಿ, ಇದನ್ನು ಕೇಳಿಸಿದ್ದಕ್ಕೆ ನಿಮಗೆ ಸ್ತೋತ್ರ. ಉಪ್ಪುನೀರು ಕಾಯಿಸಿಕೊಟ್ಟ ಅಮ್ಮನಿಗಾಗಿ, ಬೇಸರಪಡದೆ ಸ್ಲೇಟು ಒರೆಸಿಕೊಟ್ಟ ಮಗಳಿಗಾಗಿ, ಅಭ್ಯಾಸ ಮುಗಿಸಿ ಮನೆಗೆ ಬಂದು ನನ್ನೆದುರೇ ಎಲ್ಲ ಹಾಡು ಹಾಡಿಹೋದ ಗೆಳತಿಯರಿಗಾಗಿ ಸ್ತೋತ್ರ.

ಶನಿವಾರ ಡಾಕ್ಟರು, ಇನ್ನು ಮೆಲ್ಲಗೆ ಮಾತಾಡಬಹುದು ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನಾನು ಹೇಳಿದ ಮೊದಲ ಮಾತು, ಸ್ತೋತ್ರ ಸ್ವಾಮಿ. ದನಿ ಒಡೆದಿತ್ತು, ಆದರೂ ಎರಡು ಸಲ ಹೇಳಿದೆ.

24ರ ರಾತ್ರಿ ಗಂಟೆಗಳ ಜೊತೆ ಮಹಿಮೆಯ ಗೀತೆ ಮತ್ತೆ ಏಳುತ್ತದೆ. ಅದೊಂದನ್ನು ಹಿಂದಿನ ಬೆಂಚಿನಲ್ಲಿ, ಆ ಅಜ್ಜಿಯ ಪಕ್ಕ ನಿಂತು, ಅವರ ತಾಳಕ್ಕೇ ಹಾಡುತ್ತೇನೆ. ಗಾನವೃಂದದವರಿಗೆ ಹೇಳಿಯೂ ಆಯಿತು.