ಕನಸು ನಿಮ್ದಾದ್ರೆ ಚಿಲ್ಲರೆನೂ ನಿಮ್ದೇ ಅಲ್ವಾ?

ಗುರುವಾರ ಬೆಳಗಿನ ಜಾವ ಒಬ್ಬ ಕಂಡಕ್ಟರ್ ನನ್ನ ಬಾಯಿ ಮುಚ್ಚಿಸಿದ. ಅಂಥ ಮನುಷ್ಯ ಎಲ್ಲೂ ಇಲ್ಲ. ಅವನ ಬಸ್ಸೂ ಇಲ್ಲ. ಆದರೂ ಈ ವಾರ ಪೂರ್ತಿ, ನೋಟು ಎಣಿಸುವಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಅವನ ಮಾತೇ ಕಿವಿಯಲ್ಲಿ.

ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ಕೆಂಪು ಬಸ್ಸು. ಆನಂದಪುರ ದಾಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಆನಂದಪುರ ಬಂತು. ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕಂಡಕ್ಟರ್ ಬಂದ. ಐವತ್ತರ ಆಸುಪಾಸು, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿ ಸಂದಿಯಲ್ಲಿ ಪೆನ್ನು. ನಾನು ಎಂದಿನಂತೆ ಆಧಾರ್ ಕಾರ್ಡ್ ತೆಗೆದೆ.

"ಅದೆಲ್ಲ ಬೇಡ. 42 ರೂಪಾಯಿ ಕೊಡಿ. ಚಿಲ್ಲರೆ ಕೊಡಿ."

ಆಗ ಗೊತ್ತಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಾನು ಕೆಂಪು ಬಸ್ಸಿನಲ್ಲಿ ದುಡ್ಡು ಕೊಟ್ಟವಳೇ ಅಲ್ಲ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್, ಮುಗೀತು. ಒಂದೇ ಊರು ಎರಡು ಸಲ ಬಂದಾಗ ಹುಟ್ಟದ ಅನುಮಾನ 42 ರೂಪಾಯಿ ಕೇಳಿದ ತಕ್ಷಣ ಹುಟ್ಟಿತು. ಪತ್ತಿನ ಸಹಕಾರ ಸಂಘವೊಂದರಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳಿಗೆ ಇನ್ನು ಹೇಗೆ ಎಚ್ಚರವಾಗಬೇಕು ಹೇಳಿ.

ಖಾತ್ರಿ ಮಾಡಿಕೊಳ್ಳಲು ಮೂಗು ಹಿಡಿದೆ. ಬಾಯಿ ಮುಚ್ಚಿ ಉಸಿರೆಳೆದೆ. ಆರಾಮಾಗಿ ಒಳಗೆ ಹೋಯಿತು. ಮೂಗು ಹಿಡಿದಿದ್ದು ಕನಸಿನ ಕೈ. ಹಾಸಿಗೆಯಲ್ಲಿದ್ದ ನಿಜವಾದ ಮೂಗು ತೆರೆದೇ ಇತ್ತು, ಹಾಗಾಗಿ ಉಸಿರಾಟ ನಿಲ್ಲಲಿಲ್ಲ. ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಓದಿದ್ದನ್ನು ಎರಡನೇ ಸಲ ಓದಿ ನೋಡುವುದೂ ಒಂದು ದಾರಿ. ಕನಸಿನಲ್ಲಿ ಅಕ್ಷರ, ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಮೂಗು ಸದಾ ಜೊತೆಗಿರುತ್ತದೆ.

ಸರಿ, ಇದು ಕನಸು. ಮೈಯೆಲ್ಲ ಜುಮ್ಮೆಂದಿತು. ನೆಟ್ಟಗೆ ಕೂತು ಹೇಳಿದೆ, "ಕಂಡಕ್ಟ್ರೇ, ಇದು ನನ್ನ ಕನಸು. ಬಸ್ಸೂ ನನ್ನದು, ನೀವೂ ನಾನೇ ಮಾಡಿಕೊಂಡವರು. ನಾನು ಯಾಕೆ ದುಡ್ಡು ಕೊಡಲಿ?"

ಅವನು ಕನ್ನಡಕದ ಮೇಲಿಂದ ನೋಡಿದ. ಸಿಟ್ಟಿಲ್ಲ, ಗಾಬರಿ ಇಲ್ಲ. ಇಂಥವರನ್ನು ದಿನಾ ನೋಡುತ್ತೇನೆ ಅನ್ನುವ ಮುಖ.

"ಕನಸು ನಿಮ್ದಾದ್ರೆ ಚಿಲ್ಲರೆನೂ ನಿಮ್ದೇ ಅಲ್ವಾ? ಕೊಡಿ ಮತ್ತೆ."

ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ನಾನೂ ನಕ್ಕುಬಿಟ್ಟೆ.

ಈ ಹುಚ್ಚು ಹತ್ತಿಸಿದ್ದು ನಮ್ಮ ಅಕ್ಕನ ಮಗಳು. ಮೈಸೂರಿನಲ್ಲಿ ಸೈಕಾಲಜಿ ಎಂಎಸ್ಸಿ ಓದುತ್ತಿದ್ದಾಳೆ. ಜಾಣೆ, ಆದರೆ ಎದುರಿಗೆ ಕೂತವರನ್ನೆಲ್ಲ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸಿದಂತೆ ನೋಡುತ್ತಾಳೆ. ಕಳೆದ ವರ್ಷ ನಾನು ಅವಳ ಹತ್ತಿರ ನನ್ನ ಹಳೇ ದುಃಸ್ವಪ್ನದ ಬಗ್ಗೆ ಹೇಳಿದ್ದೆ. ಪಿಯುಸಿ ಗಣಿತದ ಪರೀಕ್ಷೆ, ಪ್ರಶ್ನೆಪತ್ರಿಕೆ ಖಾಲಿ, ಪಕ್ಕದವರೆಲ್ಲ ಬರೆಯುತ್ತಾ ಇದ್ದಾರೆ. ಮದುವೆಯಾಗಿ ಮಗ ಕಾಲೇಜಿಗೆ ಹೋದರೂ ಆ ಪರೀಕ್ಷೆ ನನ್ನನ್ನು ಬಿಟ್ಟಿರಲಿಲ್ಲ. "ಚಿಕ್ಕಮ್ಮ, ಕನಸಿನೊಳಗೇ ಇದು ಕನಸು ಅಂತ ಗೊತ್ತಾದರೆ ಎದ್ದು ಆಚೆ ಬಂದುಬಿಡಬಹುದು" ಅಂದಳು. ಇದಕ್ಕೆ ಲೂಸಿಡ್ ಡ್ರೀಮಿಂಗ್ ಅನ್ನುತ್ತಾರೆ.

ಅಭ್ಯಾಸವನ್ನೂ ಅವಳೇ ಹೇಳಿಕೊಟ್ಟಳು. ಸ್ಟ್ಯಾನ್‌ಫರ್ಡಿನ ಸ್ಟೀಫನ್ ಲಬರ್ಜ್ ಎಂಬುವರು ರೂಪಿಸಿದ ವಿಧಾನವಂತೆ. ಐದಾರು ಗಂಟೆ ಮಲಗಿ ಎದ್ದು, ಆಗಷ್ಟೇ ಬಿದ್ದ ಕನಸನ್ನು ನೆನೆಸಿಕೊಂಡು, "ಮುಂದಿನ ಸಲ ಕನಸು ಬಿದ್ದಾಗ ಇದು ಕನಸು ಅಂತ ನೆನಪಾಗಬೇಕು" ಎಂದು ಹೇಳಿಕೊಳ್ಳುತ್ತಾ ಮತ್ತೆ ಮಲಗಬೇಕು. ಕನಸು ಹೆಚ್ಚಾಗಿ ಬೀಳುವ ನಿದ್ದೆ ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ, ಹಾಗಾಗಿ ಈ ಹೊತ್ತು. ನನಗೆ ಅಲಾರಂ ಬೇಕಾಗಲಿಲ್ಲ. ನಾಲ್ಕೂವರೆಗೆ ನಮ್ಮತ್ತೆ ಎದ್ದು ಬಚ್ಚಲಲ್ಲಿ ಹಂಡೆ ಸದ್ದು ಮಾಡುತ್ತಾರೆ. ಇಷ್ಟು ವರ್ಷ ಆ ಸದ್ದಿಗೆ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಉಪಯೋಗಕ್ಕೆ ಬಂತು.

ಒಂದು ದಿನ ಪರೀಕ್ಷೆ ಹಾಲಿನಲ್ಲಿ ನೆನಪಾಯಿತು. ಪೆನ್ನು ಇಟ್ಟು ಎದ್ದು ಹೊರಗೆ ಬಂದೆ. ಹೊರಗೆ ಯಾರೋ ಮಂಡಕ್ಕಿ ಮಾರುತ್ತಿದ್ದರು. ಅಷ್ಟೇ. ಆಮೇಲೆ ಆ ಕನಸು ಕಡಿಮೆಯಾಯಿತು. ಎಚ್ಚರವಿದ್ದಾಗಲೇ ಕೆಟ್ಟ ಕನಸಿನ ಕೊನೆಯನ್ನು ಬದಲಿಸಿ ಮತ್ತೆ ಮತ್ತೆ ಕಲ್ಪಿಸಿಕೊಳ್ಳುವ ಚಿಕಿತ್ಸೆಯೂ ಇದೆಯಂತೆ. ನಿದ್ದೆ ಮುರಿದುಕೊಳ್ಳಲು ಇಷ್ಟವಿಲ್ಲದವರಿಗೆ ಅದು ವಾಸಿ. ಮೊದಲೇ ನಿದ್ದೆ ಸರಿಯಿಲ್ಲದವರು ನನ್ನ ಹಾಗೆ ಮಾಡಲು ಹೋಗಬಾರದು.

ಇನ್ನು ಬಸ್ಸಿಗೆ ಬರುತ್ತೇನೆ.

ಕಂಡಕ್ಟರ್ ಕೈ ಚಾಚಿ ನಿಂತೇ ಇದ್ದ. ನಾನು ಕಣ್ಣು ಮುಚ್ಚಿ, "ಇವನು ಇರಬಾರದು" ಅಂದುಕೊಂಡೆ. ಕಣ್ಣು ಬಿಟ್ಟರೆ ಹಾಗೇ ಇದ್ದಾನೆ. ದೃಶ್ಯ ಮಸುಕಾಗತೊಡಗಿತು. ಹಾಗಾದಾಗ ಎರಡೂ ಅಂಗೈ ಉಜ್ಜಬೇಕು, ಕನಸು ಉಳಿದುಕೊಳ್ಳುತ್ತದೆ. ಉಜ್ಜಿದೆ. ಉಳಿಯಿತು, ಅವನೂ ಉಳಿದ. ಕೊನೆಗೆ ಕೈಯಲ್ಲಿ 500ರ ನೋಟು ಬರಲಿ ಅಂದುಕೊಂಡೆ. ಬಂತು! ದುಡ್ಡು ನನ್ನ ಮಾತು ಕೇಳುತ್ತದೆ, ಕಂಡಕ್ಟರ್ ಕೇಳುವುದಿಲ್ಲ.

ಅವನು ನೋಟನ್ನು ಬೆಳಕಿಗೆ ಹಿಡಿದು ನೋಡಿ, ಕಿವಿಯಿಂದ ಪೆನ್ನು ತೆಗೆದು ಟಿಕೆಟಿನ ಹಿಂದೆ ಬರೆದ. "438 ಬರಬೇಕು ನಿಮಗೆ. ಇಳಿಯುವಾಗ ಕೇಳಿ."

"458" ಅಂದೆ.

"438."

"500ರಲ್ಲಿ 42 ಹೋದರೆ 458 ರೀ!"

"ಹಾಗಂತೀರಾ?" ಎಂದು ಮುಂದಿನ ಸೀಟಿಗೆ ಹೋದ.

ಅಲ್ಲಿಂದಾಚೆ ನನಗೆ ಇದು ಕನಸು ಅನ್ನುವುದೇ ಮರೆತುಹೋಯಿತು. ಬಸ್ಸನ್ನು ಆಕಾಶಕ್ಕೆ ಹಾರಿಸಬಹುದಿತ್ತು. ಜೋಗದ ಮೇಲೆ ಒಂದು ಸುತ್ತು ಹಾಕಿಸಬಹುದಿತ್ತು. ನಾನು 20 ರೂಪಾಯಿಗಾಗಿ ಅವನ ಹಿಂದೆ ಸೀಟು ಸೀಟು ಹಿಡಿದುಕೊಂಡು ಓಡುತ್ತಿದ್ದೆ. ಚೋರಡಿ ಹತ್ತಿರ ಎಚ್ಚರವಾಯಿತು. ಎದೆ ಡವಡವ ಅನ್ನುತ್ತಿತ್ತು.

ನಮ್ಮನೆಯವರು ಕೇಳಿ, "ರಾತ್ರಿನೂ ಕೌಂಟರ್ ತೆಗೆದಿಟ್ಟಿರ್ತೀಯಾ?" ಅಂದರು. ಅವರಿಗೆ ಕನಸೇ ಬೀಳುವುದಿಲ್ಲವಂತೆ. ಬೀಳುತ್ತದೆ, ನೆನಪಿರುವುದಿಲ್ಲ. ನಾನು ತರಲು ಹೇಳಿದ ಸಾಮಾನಿನ ಗತಿಯೂ ಅದೇ. ನಮ್ಮತ್ತೆಗೆ ಹಲ್ಲು ಬಿದ್ದ ಕನಸಿಗೆ, ಹಾವು ಕಂಡ ಕನಸಿಗೆ, ಮದುವೆ ಕಂಡ ಕನಸಿಗೆಲ್ಲ ಅರ್ಥ ಗೊತ್ತು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತಲೂ ನಂಬಿದ್ದಾರೆ. ಕಂಡಕ್ಟರಿಗೆ ಅವರಲ್ಲಿ ಅರ್ಥ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಆ 20 ರೂಪಾಯಿ ಬಿಡಬೇಡ" ಅಂದರು. ಆಫೀಸಿನಲ್ಲಿ ಒಬ್ಬರು ತಾವು ವಾರಕ್ಕೆರಡು ಸಲ ಕನಸಿನಲ್ಲಿ ಬೇಕೆಂದಲ್ಲಿಗೆ ಹಾರಿ ಹೋಗುತ್ತೇನೆ, ಸ್ವಿಟ್ಜರ್ಲೆಂಡ್ ನೋಡಿ ಬಂದೆ ಅನ್ನುತ್ತಾರೆ. ಎಚ್ಚರವಿದ್ದಾಗಲೂ ಅವರು ಮಾತಾಡುವುದು ಹಾಗೆಯೇ, ನಾನು ಅರ್ಧ ಕಳೆದು ಕೇಳುತ್ತೇನೆ.

ಅಕ್ಕನ ಮಗಳಿಗೆ ಮಾತ್ರ ಖುಷಿಯೋ ಖುಷಿ. ಫೋನಿನಲ್ಲೇ ಕುಣಿದಳು. "ಲೆಕ್ಕ ತಪ್ಪಿದನಾ? ಎಷ್ಟು ತಪ್ಪಿದ?" ಎಂದು ಬರೆದುಕೊಂಡಳು. ಕನಸಿನ ಜನ ಲೆಕ್ಕದಲ್ಲಿ ದಡ್ಡರಂತೆ. ಪಾಲ್ ಥೋಲೈ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಇದನ್ನು ನೋಡಿದ್ದರು. ಕನಸಿನಲ್ಲಿ ಎಚ್ಚರವಾಗಬಲ್ಲವರಿಗೆ ಅವರು ಒಂದು ಕೆಲಸ ಕೊಟ್ಟರು. ಅಲ್ಲಿ ಸಿಗುವ ಜನರಿಂದ ಚಿತ್ರ ಬರೆಸಿ, ಪ್ರಾಸ ಕಟ್ಟಿಸಿ, ಲೆಕ್ಕ ಕೇಳಿ ಎಂದರು. ಲೆಕ್ಕದಲ್ಲೇ ಆ ಕನಸಿನ ಜನ ಸೋತಿದ್ದು. 2011ರಲ್ಲಿ ಬೇರೆಯವರು ಮತ್ತೆ ಕೇಳಿಸಿದಾಗ ಸರಿಯಾದ ಉತ್ತರ ಮೂರರಲ್ಲಿ ಒಂದು ಪಾಲು. ಪ್ರೈಮರಿ ಶಾಲೆ ಮಕ್ಕಳ ಮಟ್ಟ.

ಕನಸು ಕಾಣುವವರಾದರೋ ಲೆಕ್ಕ ಮಾಡುತ್ತಾರೆ. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲ, ಕೈಕಾಲು ಆಡುವುದಿಲ್ಲ. ಆದರೆ ಕಣ್ಣು ಆಡುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬುವರು ಅಲನ್ ವರ್ಸ್ಲಿ ಎಂಬುವರನ್ನು ಮಲಗಿಸಿ ಕಾದರು. ವರ್ಸ್ಲಿ ಕನಸಿನೊಳಗಿಂದಲೇ, ಮೊದಲೇ ಮಾತಾಡಿಕೊಂಡಂತೆ, ಕಣ್ಣನ್ನು ಎಡಬಲ ಆಡಿಸಿ "ನನಗೆ ಗೊತ್ತಾಗಿದೆ" ಎಂದು ತಿಳಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ನ ನಾಲ್ಕು ತಂಡಗಳು ಒಟ್ಟಿಗೆ ಇನ್ನೂ ಮುಂದೆ ಹೋದವು. ಮಲಗಿದವನಿಗೆ ಹೊರಗಿನಿಂದ "8ರಲ್ಲಿ 6 ಕಳೆದರೆ?" ಎಂದು ಕೇಳಿದರು. ಅವನು ಕಣ್ಣನ್ನು ಎರಡು ಸಲ ಆಡಿಸಿದ. ಎಲ್ಲರೂ ಹೀಗೆ ಉತ್ತರ ಕೊಟ್ಟರು ಅಂತಲ್ಲ. 36 ಜನ ಪಾಲ್ಗೊಂಡ ಆ ಪ್ರಯೋಗದಲ್ಲಿ, ಕನಸಿನೊಳಗೆ ಎಚ್ಚರವಾದವರಿಗೆ ಕೇಳಿದ ಪ್ರಶ್ನೆಗಳಲ್ಲಿ ಸರಿ ಉತ್ತರ ಬಂದಿದ್ದು ನೂರಕ್ಕೆ 18ರಷ್ಟು. ಹೆಚ್ಚಿನ ಸಲ ಉತ್ತರವೇ ಇಲ್ಲ. ಆದರೂ ಆ ಎರಡು ಸಲದ ಕಣ್ಣಾಟ ಕೇಳಿ ನನಗೆ ಮೈ ಝುಂ ಅಂದಿತ್ತು.

ನನ್ನ ತಲೆ ತಿನ್ನುತ್ತಿರುವುದು ಲೆಕ್ಕವಲ್ಲ. 500ರಲ್ಲಿ 42 ಕಳೆಯಲು ಬಾರದ ಮನುಷ್ಯನಿಗೆ ಆ ಮಾತು ಹೇಗೆ ಬಂತು? "ಕನಸು ನಿಮ್ದಾದ್ರೆ ಚಿಲ್ಲರೆನೂ ನಿಮ್ದೇ ಅಲ್ವಾ?" ನನ್ನ ವಾದವನ್ನೇ ಹಿಡಿದು ನನಗೇ ತಿರುಗಿಸಿದ. ವಕೀಲರ ಮಾತು ಅದು. ಅದನ್ನು ಕಟ್ಟಿದ್ದು ನನ್ನ ತಲೆಯೇ, ಬೇರೆ ಯಾರೂ ಅಲ್ಲ. ಹಾಗಾದರೆ ನನಗೆ ನಗು ಯಾಕೆ ಬಂತು? ತಾನೇ ಕಟ್ಟಿದ ಜೋಕನ್ನು ಮೊದಲ ಸಲ ಕೇಳಿದಂತೆ ನಗಲು ಸಾಧ್ಯವಾ?

"ಚಿಲ್ಲರೆ ಕೊಡಿ ಅಂತ ಕೌಂಟರಿನಲ್ಲಿ ದಿನಾ ಹೇಳೋದು ನೀವೇ ಅಲ್ವಾ ಚಿಕ್ಕಮ್ಮ? ಅವನು ನೀವೇ" ಅಂದಳು ಹುಡುಗಿ. ಇರಬಹುದು. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಕೌಂಟರಿನಲ್ಲಿ ನಾನು ಸಿಡುಕುತ್ತೇನೆ, ಅವನು ಸಿಡುಕಲಿಲ್ಲ. ಅವನಷ್ಟು ತಾಳ್ಮೆ, ಅವನಷ್ಟು ಚುರುಕು ನನ್ನಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ನಾನು ಮ್ಯಾನೇಜರ್ ಆಗಿರುತ್ತಿದ್ದೆ.

ಕನಸನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು ಅಂತ ಎಲ್ಲರೂ ಹೇಳುತ್ತಾರೆ. ಹಾರುವುದು, ಬೇಕಾದ ತಿಂಡಿ ತರಿಸುವುದು, ಬೇಕಾದವರನ್ನು ಕರೆಸುವುದು. ಸ್ವಲ್ಪ ಮಟ್ಟಿಗೆ ಆಗುತ್ತದೆ, ಸುಳ್ಳಲ್ಲ. ನೋಟು ಬಂತಲ್ಲ. ಟಿಬೆಟಿನ ಬೌದ್ಧರಲ್ಲಿ ಕನಸಿನ ಯೋಗ ಅಂತಲೇ ಒಂದು ಹಳೆಯ ಸಾಧನೆ ಇದೆ. ಅವರಿಗೆ ಅದು ಮೋಜಿಗಲ್ಲ. ಕನಸನ್ನು ಕನಸೆಂದು ಅಲ್ಲೇ ಗುರುತಿಸಿದವರು ಎಚ್ಚರದಲ್ಲಿ ಕಾಣುವುದನ್ನೂ ಅಷ್ಟೊಂದು ಗಟ್ಟಿ ಅಂತ ಹಿಡಿದುಕೊಳ್ಳುವುದಿಲ್ಲ ಅನ್ನುವ ಲೆಕ್ಕ. ಬೈಲಕುಪ್ಪೆಗೆ ಹೋದಾಗ ಈ ವಿಷಯ ನನಗೆ ಗೊತ್ತಿರಲಿಲ್ಲ. ಗುಡಿ ನೋಡಿ, ಮೊಮೊ ತಿಂದು ಬಂದಿದ್ದೆವು. ಗೊತ್ತಿದ್ದರೂ ಕೇಳುವ ಧೈರ್ಯ ಬರುತ್ತಿರಲಿಲ್ಲ. 20 ರೂಪಾಯಿಗೆ ಬಸ್ಸಿನ ತುಂಬಾ ಓಡಿದವಳು ಆ ಸಾಧನೆಗೆ ಆಗಿಬರುವುದಿಲ್ಲ.

ಶನಿವಾರ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಬೇಕಿತ್ತು, ನಿಜವಾದ ಬಸ್ಸಿನಲ್ಲಿ. ಕಂಡಕ್ಟರ್ ಚಿಕ್ಕ ವಯಸ್ಸಿನವರು. ಆಧಾರ್ ನೋಡಿ ಟಿಕೆಟ್ ಕೊಟ್ಟರು. ನಾನು ಸುಮ್ನೆ ಒಂದು ಸಲ ಮೂಗು ಹಿಡಿದು ನೋಡಿದೆ. ಉಸಿರು ಕಟ್ಟಿತು. ಪಕ್ಕದಲ್ಲಿದ್ದ ಹೆಂಗಸು, "ವಾಂತಿ ಬರ್ತಿದ್ಯಾ? ಕಿಟಕಿ ಕಡೆ ಬನ್ನಿ" ಎಂದು ಸೀಟು ಬಿಟ್ಟುಕೊಟ್ಟರು. ಬೇಡ ಅನ್ನಲಿಲ್ಲ.

ಕಿಟಕಿ ಪಕ್ಕ ಕೂತು ನಮ್ಮ ಸಂಘದ ಅಧ್ಯಕ್ಷರ ಜೊತೆ ಜಗಳ ಶುರು ಮಾಡಿದೆ, ಮನಸ್ಸಿನಲ್ಲಿ. ಅದು ನನ್ನ ನಿತ್ಯದ ಅಭ್ಯಾಸ. ಕೌಂಟರಿಗೆ ಇನ್ನೊಬ್ಬರನ್ನು ಹಾಕಿಕೊಡಿ ಅಂತ ಕೇಳುವುದು, ಅವರು ಸಬೂಬು ಹೇಳುವುದು, ನಾನು ಒಂದೊಂದಾಗಿ ಉರುಳಿಸುವುದು. ಈ ಜಗಳಗಳಲ್ಲಿ ನಾನು ಒಂದು ಸಲವೂ ಸೋತಿಲ್ಲ. ಕುಂಸಿ ಬರುವ ಹೊತ್ತಿಗೆ ಒಂದು ವಿಷಯ ಹೊಳೆಯಿತು. ಈ ಅಧ್ಯಕ್ಷರು ನಾನು ಬರೆದುಕೊಟ್ಟಿದ್ದನ್ನು ಮಾತ್ರ ಹೇಳುತ್ತಾರೆ. ನನಗೆ ಉತ್ತರ ಗೊತ್ತಿರುವ ಸಬೂಬನ್ನೇ ಅವರ ಬಾಯಿಗೆ ಹಾಕಿರುತ್ತೇನೆ. ಅತ್ತೆಯ ಜೊತೆಗಿನ ಜಗಳವೂ ಹಾಗೇ, ನಮ್ಮನೆಯವರ ಜೊತೆಗಿನದೂ ಹಾಗೇ. ಎಚ್ಚರವಿದ್ದಾಗ ನನ್ನ ತಲೆಯಲ್ಲಿ ಇರುವವರೆಲ್ಲ ಹೇಳಿದ ಮಾತು ಕೇಳುವವರು. ಹಿಡಿತ ಅಂದರೆ ಅದು! ಅದಕ್ಕೆ ನಿದ್ದೆ ಮಾಡುವುದೇ ಬೇಡ, ಕಿಟಕಿ ಸೀಟು ಸಾಕು.

ನಿಜವಾದ ಅಧ್ಯಕ್ಷರು ಹಾಗಲ್ಲ. ಅವರೆದುರು ಹೋದಾಗ ನಾನು ತಯಾರಿ ಮಾಡಿಕೊಂಡ ಯಾವ ಸಬೂಬನ್ನೂ ಅವರು ಹೇಳುವುದಿಲ್ಲ. ಕಳೆದ ಸಲ, "ನಿಮ್ಮಷ್ಟು ಚೆನ್ನಾಗಿ ಮಾಡೋರು ಸಿಗ್ಬೇಕಲ್ಲಮ್ಮ" ಅಂದುಬಿಟ್ಟರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಥ್ಯಾಂಕ್ಸ್ ಹೇಳಿ ಬಂದೆ.

ಹಾಗೆ ನೋಡಿದರೆ ಆ ಕಂಡಕ್ಟರ್ ಅಧ್ಯಕ್ಷರ ಜಾತಿಯವನು. ನನ್ನ ತಲೆಯಲ್ಲೇ ಹುಟ್ಟಿ, ನನ್ನ ಮಾತು ಕೇಳದೆ, ನನಗೆ ಗೊತ್ತಿಲ್ಲದ್ದನ್ನು ಹೇಳಿದ. ಅಂಥವರು ಇನ್ನೆಷ್ಟು ಜನ ಒಳಗಿದ್ದಾರೋ. ಮುಂದಿನ ಸಲ ಸಿಕ್ಕರೆ ಅವನ ಹತ್ತಿರ 17ರ ಮಗ್ಗಿ ಹೇಳಿಸಬೇಕು ಎಂದು ಹುಡುಗಿ ಅಪ್ಪಣೆ ಮಾಡಿದ್ದಾಳೆ. ನನಗೆ ಕೇಳಬೇಕಿರುವುದು ಬೇರೆ. ಅಧ್ಯಕ್ಷರಿಗೆ ಏನು ಹೇಳಬೇಕಿತ್ತು ಎಂದು ಕೇಳಬೇಕು.

ನಿನ್ನೆ ಪಾತ್ರೆ ತೊಳೆಯುತ್ತಾ ಎಚ್ಚರದಲ್ಲೇ ಒಂದು ಪ್ರಯತ್ನ ಮಾಡಿದೆ. ಮನಸ್ಸಿನಲ್ಲಿ ಅಧ್ಯಕ್ಷರನ್ನು ಕೂರಿಸಿ, "ಈ ಸಲ ನಾನು ಏನೂ ಹೇಳಿಕೊಡಲ್ಲ ಸಾರ್, ನೀವೇ ಏನಾದರೂ ಹೇಳಿ" ಎಂದು ಕಾದೆ. ಬಾಯೇ ಬಿಡಲಿಲ್ಲ. ಇನ್ನೊಂದು ಸಲ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ ಅಂತ ಕಾಣುತ್ತದೆ. ಒಳಗಿಂದ ನಮ್ಮತ್ತೆ, "ಯಾರೇ ಅದು, ಕಂಡಕ್ಟರಾ?" ಅಂದರು.