ಹಸಿರೆಲೆಯಿಂದ ಎದ್ದು ಬಂದ ಬೂಸ್ಟು

17 ಜುಲೈ 2024, ಬುಧವಾರ

ಬೆಳಿಗ್ಗೆ ಬಂದವಳೇ ಮೊದಲು ತಟ್ಟೆಗಳನ್ನು ನೋಡಿದೆ. ಶುಕ್ರವಾರ ಇಟ್ಟಿದ್ದವು. ಒಂದು ಚುಕ್ಕೆಯೂ ಇಲ್ಲದ ನಿಂಬೆ ಎಲೆಗಳನ್ನು ಆರಿಸಿ, ಆಲ್ಕೋಹಾಲಿನಲ್ಲಿ ಅದ್ದಿ, ಬ್ಲೀಚಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ಜಾಲಿಸಿ, ಸಣ್ಣ ಚೂರು ಮಾಡಿ ಆಲೂಗಡ್ಡೆ ಅಗರಿನ (ಶಿಲೀಂಧ್ರ ಬೆಳೆಸುವ ಜೆಲ್ಲಿ) ಮೇಲಿಟ್ಟಿದ್ದೆ. ಈಗ ಹೆಚ್ಚುಕಮ್ಮಿ ಪ್ರತಿ ಚೂರಿನ ಅಂಚಿನಿಂದಲೂ ಬೂಸ್ಟು ಎದ್ದಿದೆ! ಬಿಳಿ, ಬೂದು, ಕಡು ಹಸಿರು, ಒಂದೆರಡು ಕಡೆ ಕಿತ್ತಳೆ ಬಣ್ಣದ ಅಂಟು ಹನಿಗಳು. ಕೊನೆಯ ಸಲ ಜಾಲಿಸಿದ ನೀರನ್ನೂ ಬೇರೆ ತಟ್ಟೆಗೆ ಹಾಕಿದ್ದೆ, ಅದರಲ್ಲಿ ಏನೂ ಬೆಳೆದಿಲ್ಲ. ಅಂದ್ರೆ ಇವೆಲ್ಲ ಎಲೆಯ ಒಳಗೇ ಇದ್ದವು.

ಕಿತ್ತಳೆ ಹನಿಯದ್ದು ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರ. ಅದನ್ನು ನೋಡಿ ಹಳೆಯದೊಂದು ನೆನಪಾಯಿತು. ಮೂರು ವರ್ಷದ ಹಿಂದೆ ಒಂದು ನಿಂಬೆ ಮರದ ರೆಂಬೆಗಳು ತುದಿಯಿಂದ ಒಣಗುತ್ತಾ ಬಂದಿದ್ದವು. ಸತ್ತ ರೆಂಬೆಯ ಚೂರಿನಿಂದ ಇದೇ ಶಿಲೀಂಧ್ರ ಬಂತು. ಇದೇ ಕೊಂದದ್ದು ಅಂತ ತೀರ್ಮಾನಿಸಿ ತಿಂಗಳುಗಟ್ಟಲೆ ಔಷಧಿ ಹೊಡೆದೆ. ಮರ ಉಳಿಯಲಿಲ್ಲ. ಕಿತ್ತು ನೋಡಿದರೆ ಬುಡದಲ್ಲಿ ನೀರು ನಿಂತು ಬೇರುಗಳೆಲ್ಲ ಕೊಳೆತಿದ್ದವು. ಆವತ್ತು ಹಸಿರು ರೆಂಬೆಯ ಒಂದು ಚೂರನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕಿತ್ತು. ಚೆನ್ನಾಗಿರುವ ನಿಂಬೆ, ಕಿತ್ತಳೆ ಎಲೆಗಳಲ್ಲಿ ತುಂಬಾ ಜಾಸ್ತಿ ಸಿಗುವ ಶಿಲೀಂಧ್ರಗಳಲ್ಲಿ ಇದೂ ಒಂದು, ಸುಮ್ನೆ ಒಳಗೆ ಕೂತಿರುತ್ತದೆ. ರೆಂಬೆ ಬೇರೆ ಕಾರಣಕ್ಕೆ ಸತ್ತರೂ ಮೊದಲು ಊಟಕ್ಕೆ ಕೂರುವುದು ಒಳಗಿದ್ದವರೇ ಅಲ್ವಾ? ಹಾಗಂತ ಇಡೀ ಕುಲವೇ ಸಾಧು ಅಲ್ಲ, ಹೂವಿಗೆ ಬಿದ್ದು ಎಳೆಗಾಯಿ ಉದುರಿಸುವವೂ ಇವೆ.

ಫಿಲ್ಲೋಸ್ಟಿಕ್ಟಾ ಅನ್ನುವ ಇನ್ನೊಂದು ಶಿಲೀಂಧ್ರದ್ದು ಇನ್ನೂ ದೊಡ್ಡ ಗೊಂದಲ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತರುವ ಫಿಲ್ಲೋಸ್ಟಿಕ್ಟಾ ಸಿಟ್ರಿಕಾರ್ಪಾ ಇದ್ದರೆ ಆ ಹಣ್ಣು ಯುರೋಪಿಗೆ ಹೋಗುವಂತಿಲ್ಲ. ಥೇಟ್ ಅದರಂತೆಯೇ ಕಾಣುವ, ಕಿತ್ತಳೆಗೆ ಕೇಡು ಮಾಡದ ಇನ್ನೊಂದು ಫಿಲ್ಲೋಸ್ಟಿಕ್ಟಾವೂ ಅಂಥದ್ದೇ ಎಲೆಗಳಲ್ಲಿ ವಾಸ ಮಾಡುತ್ತದೆ. ಎರಡೂ ಬೇರೆ ಬೇರೆ ಜಾತಿ ಅಂತ ಸ್ಪಷ್ಟವಾದದ್ದು 2002ರಲ್ಲಿ. ಓಟ್ಸ್ ಅಗರಿನ ಮೇಲೆ ಬೆಳೆಸಿದರೆ ರೋಗದ್ದು ಸುತ್ತ ಹಳದಿ ಬಣ್ಣ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಅಷ್ಟು ಹತ್ತಿರದವು.

ಬೇರಿನ ಕಡೆಯೂ ಹೀಗೇ. ಮಣ್ಣಿನ ರೋಗ ಸಾಯಲಿ ಅಂತ ನರ್ಸರಿಗಳಲ್ಲಿ ವಿಷದ ಹೊಗೆ ಕೊಟ್ಟರೆ ಕಿತ್ತಳೆ ಸಸಿಗಳು ಬೆಳೆಯದೆ ಗಿಡ್ಡವಾಗಿ ಉಳಿಯುತ್ತಿದ್ದವು. 1972ರಲ್ಲಿ ಕ್ಲೈನ್‌ಶ್ಮಿಟ್ ಮತ್ತು ಗರ್ಡೆಮನ್ ಅದಕ್ಕೆ ಕಾರಣ ತೋರಿಸಿದರು: ಹೊಗೆಗೆ ಬೇರಿನ ಜೊತೆ ಬದುಕಿ ಅದಕ್ಕೆ ಪೋಷಕಾಂಶ ಒದಗಿಸುವ ಮೈಕೊರೈಜಾ ಶಿಲೀಂಧ್ರವೂ ಸತ್ತಿತ್ತು, ಅದಿಲ್ಲದೆ ಸಸಿಗೆ ರಂಜಕ ಸರಿಯಾಗಿ ಸಿಗುತ್ತಿರಲಿಲ್ಲ.

ಕಡು ಹಸಿರಿನದು ಕ್ಲಾಡೊಸ್ಪೋರಿಯಂ ಇರಬೇಕು, ನನಗೆ ಅದರ ಮೇಲೇ ಆಸೆ. ನಿಂಬೆ, ಕಿತ್ತಳೆ ಮರಗಳನ್ನು ಕೊಲ್ಲುವ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸುವುದು ಬಲು ಕಷ್ಟ. ಅದರ ದಾಯಾದಿ ಲೈಬೆರಿಬ್ಯಾಕ್ಟರ್ ಕ್ರೆಸೆನ್ಸ್ ಬೆಳೆಯುತ್ತದೆ. ಕ್ಲಾಡೊಸ್ಪೋರಿಯಂ ಮಾಡುವ ಕೆಲವು ರಾಸಾಯನಿಕಗಳು ಆ ದಾಯಾದಿಯನ್ನು ತಡೆಯುತ್ತವೆ ಅಂತ ಕ್ಯಾಲಿಫೋರ್ನಿಯಾದ ಸಂಶೋಧಕರು ಕಂಡುಕೊಂಡಿದ್ದಾರೆ. ತಟ್ಟೆಯಲ್ಲಿ ತಡೆದದ್ದು ಮರದಲ್ಲೂ ತಡೆಯಬೇಕೆಂದಿಲ್ಲ, ಗೊತ್ತು. ಆದರೂ ಆ ಚೂರನ್ನು ಬೇರೆ ತಟ್ಟೆಗೆ ಎತ್ತಿಟ್ಟಿದ್ದೇನೆ.

ನಾಳೆ ಅದೇ ಗಿಡದ ಎಳೆ ಚಿಗುರನ್ನು ಇಡಬೇಕು. ಇವು ಬಹುತೇಕ ಗಾಳಿ, ಮಳೆಹನಿಯ ಜೊತೆ ಹೊರಗಿಂದ ಬಂದು ಎಲೆಯೊಳಗೆ ಇಳಿಯುವಂಥವು, ಹಾಗಾಗಿ ಮೊನ್ನೆ ಬಿಚ್ಚಿದ ಎಲೆಯಲ್ಲಿ ಕಡಿಮೆ ಇರಬೇಕು. ಎಷ್ಟು ಕಡಿಮೆ ಅಂತ ಮುಂದಿನ ಮಂಗಳವಾರ ಎಣಿಸುತ್ತೇನೆ.