ಕೊಂಡವಾಡಕ್ಕೆ ಬಿದ್ದ ಇಮೇಲ್‌ಗಳು

ವಿಜಯಪುರದಲ್ಲಿ ನಾವೊಂದಿಷ್ಟು ಗೆಳೆಯರು ಪ್ರಯೋಗಕ್ಕೆಂದು ನಡೆಸುತ್ತಿರುವ ಮಾಹಿತಿ ಹಕ್ಕು ತಾಣಕ್ಕೆ ಈ ತಿಂಗಳು ಹೊಸದೇನೂ ಸೇರಲಿಲ್ಲ. ಜನ ಈ ತಾಣದ ಮೂಲಕ ಸರ್ಕಾರಿ ಕಚೇರಿಗಳಿಗೆ ಇಮೇಲ್‌ನಲ್ಲಿ ಅರ್ಜಿ ಹಾಕುತ್ತಾರೆ, ಕಚೇರಿಯ ಉತ್ತರ ಆ ಅರ್ಜಿಯ ಪುಟದಲ್ಲೇ ಕಾಣುತ್ತದೆ. ದಾರಿ ತಪ್ಪಿ ಬಂದ ಉತ್ತರಗಳನ್ನು ಆಯಾ ಅರ್ಜಿಗೆ ಮುಟ್ಟಿಸುವುದರಲ್ಲೇ ಹೊತ್ತು ಹೋಯಿತು.

ತಾಣ ಓಡುವುದು ಬ್ರಿಟನ್ನಿನ ಮೈಸೊಸೈಟಿಯವರ ಅಲವೆತೆಲಿ ತಂತ್ರಾಂಶದ ಮೇಲೆ. ಪ್ರತಿ ಅರ್ಜಿಗೂ ಅದರದೇ ಇಮೇಲ್ ವಿಳಾಸ: ಅರ್ಜಿಯ ಸಂಖ್ಯೆ, ಅದರ ಹಿಂದೆ 8 ಅಕ್ಷರದ ಗುರುತು. ಗುರುತು ತಾಳೆಯಾದರೆ ಉತ್ತರ ನೇರ ಅರ್ಜಿಯ ಪುಟಕ್ಕೆ. ಆಗದಿದ್ದರೆ ಒಂದು ಕಡೆ ಕೂಡಿಬೀಳುತ್ತದೆ. ಬೀಡಾಡಿ ದನ ಕೂಡುವ ದೊಡ್ಡಿಯ ಹೆಸರಲ್ಲಿ ಅದಕ್ಕೆ ನಾವು ಕೊಂಡವಾಡ ಅಂತೀವಿ. ತಾಣ ನೋಡಿಕೊಳ್ಳುವ ನಾವೇ ಬಂದು ಬಿಡಿಸಿ, ಸರಿಯಾದ ಅರ್ಜಿಗೆ ಸೇರಿಸಬೇಕು.

ಕಚೇರಿಗಳಲ್ಲಿ ಇಮೇಲ್‌ಗೆ ಅಲ್ಲಿಂದಲೇ ಉತ್ತರ ಕೊಡುವುದು ಕಡಿಮೆ. ಪ್ರಿಂಟ್ ತೆಗೆದು, ಇನ್‌ವರ್ಡ್ ಹಾಕಿ, ಸಾಹೇಬರ ಟೇಬಲ್ ಸುತ್ತಿಸಿ, ಕೊನೆಗೆ ಕಡತ ನೋಡುವ ಗುಮಾಸ್ತರು (ವಿಷಯ ನಿರ್ವಾಹಕರು) ಕಾಗದ ನೋಡಿಯೇ ವಿಳಾಸ ಟೈಪ್ ಮಾಡುತ್ತಾರೆ. ಒಬ್ಬರು ಫೋನ್ ಮಾಡಿಯೇ ಕೇಳಿದರು: “ಸರ, ಇದು ಒಂದ್ ಐತೋ, ಎಲ್ ಐತೋ ತಿಳೀವಲ್ದ್ರಿ.” ಈ ಗೊಂದಲಕ್ಕೆ ತಂತ್ರಾಂಶದಲ್ಲೇ ಮದ್ದಿದೆ. ಗುರುತಿನಲ್ಲಿ ಇರುವುದು ಅಂಕಿಗಳು ಮತ್ತು ಎ ಇಂದ ಎಫ್‌ವರೆಗಿನ ಅಕ್ಷರ ಮಾತ್ರ. ಹಾಗಾಗಿ ಎಲ್ ಕಂಡರೆ 1, ಓ ಕಂಡರೆ 0 ಎಂದೇ ಓದಿಕೊಳ್ಳುತ್ತದೆ. ಬ್ರಿಟನ್ನಿನ ಗುಮಾಸ್ತರೂ ಹೀಗೇ ಟೈಪ್ ಮಾಡುತ್ತಿರಬೇಕು!

ಗುರುತೇ ಇಲ್ಲದೆ ಬಂದವು ಕಷ್ಟ. ವಿಷಯದ ಸಾಲು ನೋಡಿ ತಂತ್ರಾಂಶ ಊಹೆ ಮಾಡಿಕೊಡುತ್ತದೆ, ಆದರೆ ನಮಗೆ ಬರುವ ವಿಷಯದ ಸಾಲಿನಲ್ಲಿ ಕಡತದ ಸಂಖ್ಯೆಯಷ್ಟೇ ಇರುತ್ತದೆ. ಲಗತ್ತು ಸ್ಕ್ಯಾನ್ ಪ್ರತಿ, ಇಲ್ಲವೇ ಹಳೆಯ ನುಡಿ ಫಾಂಟಿನದು. ಪಠ್ಯ ಹೊರತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಒಂದು ಮಾತ್ರ ಎಲ್ಲ ಪತ್ರಗಳಲ್ಲೂ ತಪ್ಪದೆ ಇರುತ್ತದೆ: “ಉಲ್ಲೇಖ”ದ ಸಾಲು. ಅದಕ್ಕೇ ಈಗ ಪ್ರತಿ ಅರ್ಜಿಯ ತಲೆಯಲ್ಲೇ, ಉತ್ತರದ ಉಲ್ಲೇಖದಲ್ಲಿ ಈ ಸಂಖ್ಯೆ ನಮೂದಿಸಿ ಎಂದು ಅಚ್ಚಾಗುತ್ತದೆ. ವಿಳಾಸ ತಪ್ಪಿದರೂ ಉಲ್ಲೇಖ ತಪ್ಪುತ್ತಿಲ್ಲ.

ಊಹೆ ಚೆನ್ನಾಗಿದ್ದರೆ ತಾನೇ ಜೋಡಿಸಲಿ ಎಂದು ಗೆಳೆಯನ ವಾದ. ನಾನು ಒಪ್ಪಿಲ್ಲ. ಪುಟಗಳು ಎಲ್ಲರಿಗೂ ಕಾಣುತ್ತವೆ. ಒಬ್ಬರ ಪಿಂಚಣಿ ವಿವರ ಇನ್ನೊಬ್ಬರ ಅರ್ಜಿಯಡಿ ಬಿದ್ದರೆ ವಾಪಸ್ ತೆಗೆದುಕೊಳ್ಳುವುದು ಹೇಗೆ? ಅದರ ಬದಲು ದಿನಾ ಬೆಳಿಗ್ಗೆ ಒಬ್ಬರು ಕೊಂಡವಾಡ ನೋಡುತ್ತೇವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 7(1) ಉತ್ತರಕ್ಕೆ ಕೊಟ್ಟಿರುವ 30 ದಿನ ಮುಗಿದರೆ, ಉತ್ತರ ಬಂದಿದ್ದರೂ ಗೊತ್ತಾಗದೆ ಅರ್ಜಿದಾರರು ಮೊದಲ ಮೇಲ್ಮನವಿಗೆ ಇಳಿದಿರುತ್ತಾರೆ. ಎಷ್ಟು ತಡವಾಗಿ ಬಿಡಿಸಿದರೂ ಪುಟದಲ್ಲಿ ಇಮೇಲ್ ಕಳಿಸಿದ ಮೂಲ ತಾರೀಖೇ ಕಾಣಬೇಕು.

ಇನ್ನು ಬೌನ್ಸ್ ಆದವುಗಳನ್ನು ಬೇರೆ ಮಾಡಬೇಕು. ಕಚೇರಿಯ ಇನ್‌ಬಾಕ್ಸ್ ತುಂಬಿದೆ ಎಂದು ಮರಳಿದ ಸಂದೇಶಗಳೂ ಸದ್ಯ ಉತ್ತರಗಳ ನಡುವೆಯೇ ಬಂದು ಬೀಳುತ್ತಿವೆ.